ಹೆಸರಿಗೆ ಬಿಟ್ಟ ಖಾಲಿ ಜಾಗ

ಟೈಪ್ ಮಾಡಿದ ಕಾಗದ ಯಾವುದು, ಸೈಕ್ಲೋಸ್ಟೈಲ್ ಮಾಡಿದ್ದು ಯಾವುದು ಅಂತ ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ. ಹಾಳೆ ಮಗುಚಿ ಹಿಂಬದಿಗೆ ಬೆರಳು ಆಡಿಸಿದರೆ ಸಾಕು. ಟೈಪ್ ಮಾಡಿದ ಅಕ್ಷರ ಹಿಂದೆ ಉಬ್ಬಿರುತ್ತದೆ. ಸೈಕ್ಲೋಸ್ಟೈಲ್ ಅಂದರೆ ಸ್ಟೆನ್ಸಿಲ್ ಹಾಳೆಯಲ್ಲಿ ಅಕ್ಷರ ಕೊರೆದು, ಮಸಿ ಹಾಯಿಸಿ ಒಂದೇ ಕಾಗದದ ಬಹಳ ಪ್ರತಿ ತೆಗೆಯುವುದು. ಹಾಗೆ ಇಳಿದದ್ದು ಬರೀ ಮಸಿ, ಹಿಂಬದಿ ನುಣ್ಣಗೆ. ತುರ್ತು ಪರಿಸ್ಥಿತಿಯ ಕಾಲ, 1975ರ ಡಿಸೆಂಬರ್‌ನಲ್ಲಿ ನನ್ನ ತಮ್ಮನ ಮೇಲೆ ಹೊರಟ ಬಂಧನದ ಆದೇಶ ಕೈಗೆ ಬಂದಾಗ ಓದುವುದಕ್ಕಿಂತ ಮೊದಲು ನಾನು ಮಾಡಿದ್ದು ಅದನ್ನೇ. ಇಡೀ ಪುಟ ನುಣ್ಣಗಿತ್ತು. ಮೂರು ಕಡೆ ಮಾತ್ರ ಬೆರಳಿಗೆ ಉಬ್ಬು ಹತ್ತಿತು: ತಮ್ಮನ ಹೆಸರು, ಅಪ್ಪನ ಹೆಸರು, ತಾರೀಖು.

ಆದೇಶ ಇಂಗ್ಲಿಷಿನಲ್ಲಿತ್ತು. ಈ ವ್ಯಕ್ತಿ ಸಾರ್ವಜನಿಕ ಸುವ್ಯವಸ್ಥೆಗೆ ಬಾಧಕವಾಗಿ ನಡೆದುಕೊಳ್ಳದಂತೆ ತಡೆಯಲು ಅವನನ್ನು ಸ್ಥಾನಬದ್ಧನನ್ನಾಗಿ ಮಾಡುವುದು ಅವಶ್ಯವೆಂದು ಸಹಿ ಮಾಡಿದ ಅಧಿಕಾರಿಗೆ ಮನವರಿಕೆಯಾಗಿದೆ ಅಂತ ಅದರ ಅರ್ಥ. ಆ ಮನವರಿಕೆ ಇದ್ದದ್ದು ನುಣ್ಣಗಿನ ಸಾಲಿನಲ್ಲಿ. ಮನವರಿಕೆ ಮೊದಲೇ ಅಚ್ಚಾಗಿ, ಹೆಸರಿಗೆ ಜಾಗ ಬಿಟ್ಟುಕೊಂಡು, ಯಾರದೋ ಟೇಬಲ್ಲಿನ ಮೇಲೆ ಕಾಯುತ್ತ ಬಿದ್ದಿತ್ತು. ನನ್ನ ತಮ್ಮ ಬಂದು ಆ ಜಾಗ ತುಂಬಿದ.

ನನಗಾಗ 22 ವರ್ಷ, ತಮ್ಮನಿಗೆ 20. ಅವನು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದ. ನಾನು ಹುಬ್ಬಳ್ಳಿ ಸ್ಟೇಶನ್ ರೋಡಿನ ಬದಿಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಇಂಗ್ಲಿಷ್ ಸೀನಿಯರ್ ಪಾಸಾಗಿ ಅಲ್ಲೇ ಕಲಿಸುವವಳಾಗಿದ್ದೆ. ಅಪ್ಪ ಮಿಲ್ಲಿನ ಕೆಲಸಗಾರ. ನಾನು ಯಾವ ಪಕ್ಷದವಳೂ ಅಲ್ಲ, ಆಗಲೂ ಈಗಲೂ. ಆದರೆ ನವೆಂಬರ್‌ನ ಒಂದು ರಾತ್ರಿ ತಮ್ಮ ಸ್ಟೆನ್ಸಿಲ್ ಹಾಳೆ ಮತ್ತು ಮೊನಚಾದ ಲೋಹದ ಕಡ್ಡಿ ತಂದು ಅಡುಗೆಮನೆಯಲ್ಲಿ ನನ್ನ ಮುಂದೆ ಇಟ್ಟ.

‘ಅಕ್ಕಾ, ನಿನ್ನ ಅಕ್ಷರ ದುಂಡಗ ಅದಾವ. ನನ್ನವು ಯಾರಿಗೂ ತಿಳಿಯೂದಿಲ್ಲ. ನೀನ ಬರಿ.’

ಕನ್ನಡ ಟೈಪ್‌ರೈಟರ್ ಊರಲ್ಲಿ ಬೆರಳೆಣಿಕೆಯಷ್ಟಿದ್ದವು. ಅದರಲ್ಲಿ ಹೊಡೆದರೆ ಯಾವ ಮಶೀನಿನದು ಅಂತ ಗುರುತು ಹತ್ತುವುದು ಸುಲಭ. ಅದಕ್ಕೇ ಕೈಬರಹ. ಎರಡು ಹಾಳೆ ಬರೆದೆ. ಅದರಲ್ಲಿ ಬೈಗುಳ ಇರಲಿಲ್ಲ, ಸುಳ್ಳೂ ಇರಲಿಲ್ಲ. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾದದ್ದು, ಮರುದಿನ ಬೆಳಗ್ಗೆ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರನ್ನು ಹಿಡಿದದ್ದು, ಪತ್ರಿಕೆಗಳಿಗೆ ಸೆನ್ಸಾರ್ ಹಾಕಿದ್ದು, 27ನೇ ತಾರೀಖಿನ ರಾಷ್ಟ್ರಪತಿಗಳ ಆದೇಶದಿಂದ ಜನ ತಮ್ಮ ಹಕ್ಕಿಗಾಗಿ ಕೋರ್ಟಿಗೆ ಹೋಗುವ ದಾರಿ ಮುಚ್ಚಿದ್ದು. ಇಷ್ಟೇ. ನಡೆದದ್ದನ್ನು ನಡೆದ ಹಾಗೆ ಬರೆದ ಕಾಗದ.

ತುರ್ತು ಪರಿಸ್ಥಿತಿಯ ವಿರುದ್ಧ ವಿರೋಧ ಪಕ್ಷಗಳು ಕಟ್ಟಿದ್ದ ಲೋಕ ಸಂಘರ್ಷ ಸಮಿತಿಯ ಸತ್ಯಾಗ್ರಹ ನವೆಂಬರ್ 14ಕ್ಕೆ ಶುರುವಾಗಿತ್ತು. ಗುಂಪು ಗುಂಪಾಗಿ ಹೋಗಿ, ಘೋಷಣೆ ಕೂಗಿ, ಪೊಲೀಸರು ಬರುವ ತನಕ ಅಲ್ಲೇ ನಿಲ್ಲಬೇಕು. ತಮ್ಮನ ಸರದಿ ಡಿಸೆಂಬರ್ ಮೊದಲ ವಾರ ಬಂತು. ಸಂಜೆ ದುರ್ಗದ ಬೈಲಿನಲ್ಲಿ ನಾಲ್ಕು ಹುಡುಗರು ನಿಂತು ಕೂಗಿದರು, ಕಾಗದ ಹಂಚಿದರು. ಕಾಯಿಪಲ್ಲೆ ಕೊಳ್ಳಲು ಬಂದವರು ಕಾಗದ ಇಸಿದುಕೊಂಡು ಬೇಗ ಬೇಗ ಚೀಲದೊಳಗೆ ತುರುಕಿಕೊಂಡರಂತೆ. ಹತ್ತು ನಿಮಿಷದಲ್ಲಿ ಜೀಪು ಬಂತು.

ಅವತ್ತು ರಾತ್ರಿಯಿಂದ ಒಂದು ವರ್ಷ ಮೂರೂವರೆ ತಿಂಗಳು ನಾನು ನಡೆಸಿದ ಓಡಾಟವನ್ನು ಇಲ್ಲಿ ಬರೆಯುತ್ತಿದ್ದೇನೆ. ಜೈಲಿನ ಒಳಗಿನ ಕಥೆ ಅವನದು. ಹೊರಗಿನದು ನನ್ನದು.

ಮೊದಲ ಪ್ರಶ್ನೆ: ಯಾವ ಕಾಯ್ದೆ? ಠಾಣೆಯಲ್ಲಿ ಎರಡು ತಾಸು ನಿಲ್ಲಿಸಿ ಒಬ್ಬರು ಹೇಳಿದರು, ‘ಡಿ.ಐ.ಆರ್. ಹಾಕೇವಿ, ಹೋಗ್ರಿ.’ ಮನೆಗೆ ಬಂದು ಅಪ್ಪನಿಗೆ ಬಿಡಿಸಿ ಹೇಳಿದೆ: ಡಿಫೆನ್ಸ್ ಆಫ್ ಇಂಡಿಯಾ ರೂಲ್ಸ್, ಭಾರತ ರಕ್ಷಣಾ ನಿಯಮಗಳು. ಮರುದಿನ ಹಾವೇರಿ ಕಡೆಯ ಹಳ್ಳಿಯಿಂದ ಅಜ್ಜ ಬಂದರು. ಕೇಳಿದ್ದೇ ಅವರ ಮುಖ ಬದಲಾಯಿತು.

‘ಅದು ಇನ್ನೂ ಐತೇನು? ನನ್ನ ಹಿಡದದ್ದು ಅದರಾಗನ ಅಲ್ಲೇನವಾ?’

ಅಜ್ಜ 1942ರ ಚಳವಳಿಯವರು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದವರು. ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರು ಪೊಲೀಸರ ಗುಂಡಿಗೆ ಬಲಿಯಾದ ಸುದ್ದಿ ಅವರಿಗೆ ಗೋಡೆಯೊಳಗೇ ತಲುಪಿತ್ತು. ಬ್ರಿಟಿಷರು ಎರಡನೇ ಮಹಾಯುದ್ಧಕ್ಕೆಂದು 1939ರಲ್ಲಿ ಮಾಡಿದ ಕಾಯ್ದೆಯ ಹೆಸರು ಮೊಮ್ಮಗನ ಕೇಸಿನ ಮೇಲೂ ಇರುವುದು ಅವರಿಗೆ ಅರ್ಥವೇ ಆಗಲಿಲ್ಲ. ನನಗೂ ಆಗಿರಲಿಲ್ಲ. ಧಾರವಾಡದ ಒಬ್ಬ ವಕೀಲರು ಹೇಳಿದ ಮೇಲೆ ತಿಳಿಯಿತು.

ಪ್ರತಿ ಯುದ್ಧಕ್ಕೂ ಈ ಹೆಸರಿನ ಕಾಯ್ದೆಯನ್ನು ಹೊಸದಾಗಿ ಹುಟ್ಟಿಸಿದ್ದಾರೆ. 1915ರಲ್ಲಿ ಒಂದು, 1939ರಲ್ಲಿ ಒಂದು, ಚೀನಾ ಯುದ್ಧಕ್ಕೆ 1962ರಲ್ಲಿ, ಬಾಂಗ್ಲಾ ಯುದ್ಧಕ್ಕೆ 1971ರಲ್ಲಿ. ಬಾಂಗ್ಲಾ ಯುದ್ಧ ನನಗೆ ಚೆನ್ನಾಗಿ ನೆನಪಿದೆ. ಕಾಲೇಜಿನಲ್ಲಿ ಜವಾನರ ನಿಧಿಗೆ ಹಣ ಕೂಡಿಸಿದ್ದೆವು. ಢಾಕಾದಲ್ಲಿ ಶರಣಾಗತಿ ಆದ ದಿನ ಪೇಡೆ ಹಂಚಿದ್ದೆವು. ಡಿಸೆಂಬರ್ 3ಕ್ಕೆ ಶುರುವಾದದ್ದು 16ಕ್ಕೆ ಮುಗಿಯಿತು. ಆದರೆ ಡಿಸೆಂಬರ್ 3ರಂದು ಹೊರಗಿನ ಆಕ್ರಮಣದ ಹೆಸರಿನಲ್ಲಿ ಹೊರಡಿಸಿದ ತುರ್ತು ಪರಿಸ್ಥಿತಿಯ ಘೋಷಣೆಯನ್ನು ಯಾರೂ ಹಿಂದಕ್ಕೆ ಪಡೆದಿರಲಿಲ್ಲ. 1975ರಲ್ಲಿ ಬಂದದ್ದು ಅದರ ಮೇಲೆ ಇನ್ನೊಂದು. ಜನಕ್ಕೆ ಎರಡನೆಯದೇ ಗೊತ್ತು. ಮೊದಲನೆಯದು ನಾವು ಪೇಡೆ ತಿಂದು ಮನೆಗೆ ಹೋದ ಮೇಲೂ ನಾಲ್ಕು ವರ್ಷದಿಂದ ಜಾರಿಯಲ್ಲಿತ್ತು. ತಮ್ಮನನ್ನು ಹಿಡಿದ ನಿಯಮಗಳ ಬೇರು ಅಲ್ಲಿತ್ತು. 1975ರಲ್ಲಿ ಅವುಗಳ ಹೆಸರಿಗೆ ‘ಆಂತರಿಕ ಭದ್ರತೆ’ ಅನ್ನುವ ಎರಡು ಶಬ್ದ ಸೇರಿಸಿದ್ದರು, ಅಷ್ಟೇ.

ವಕೀಲರು ಜಾಮೀನು ಅರ್ಜಿ ಹಾಕಿದರು. 184ನೇ ನಿಯಮದ ಪ್ರಕಾರ ಸರ್ಕಾರಿ ಪಕ್ಷದ ಮಾತು ಕೇಳದೆ ಜಾಮೀನು ಕೊಡುವಂತಿಲ್ಲ. ಸರ್ಕಾರಿ ಪಕ್ಷ ವಿರೋಧಿಸಿದರೆ ಆರೋಪಿ ತಪ್ಪಿತಸ್ಥನಲ್ಲ ಅಂತ ನಂಬಲು ಕಾರಣವಿದೆ ಎಂದು ಮ್ಯಾಜಿಸ್ಟ್ರೇಟರಿಗೆ ತೃಪ್ತಿಯಾಗಬೇಕು. ವಿಚಾರಣೆ ಶುರುವಾಗುವ ಮೊದಲೇ ನಿರ್ದೋಷಿ ಅಂತ ತೋರಿಸಬೇಕಾದ ನಿಯಮ ಅದು. ಆದರೂ ಹನ್ನೆರಡನೇ ದಿನ ಜಾಮೀನು ಸಿಕ್ಕಿತು. ಅಪ್ಪನ ಮಿಲ್ಲಿನ ಗೆಳೆಯರೊಬ್ಬರು ತಮ್ಮ ಮನೆಯ ಕಾಗದ ಕೊಟ್ಟು ಜಾಮೀನು ನಿಂತರು. ಆ ಕಾಲದಲ್ಲಿ ಅದಕ್ಕೆ ಎಷ್ಟು ಗಟ್ಟಿ ಎದೆ ಬೇಕಿತ್ತು ಅನ್ನುವುದು ಆ ಕಾಲ ನೋಡಿದವರಿಗೆ ಗೊತ್ತು.

ಅವ್ವ ಅವತ್ತು ಹೋಳಿಗೆಗೆ ಕಡಲೆಬೇಳೆ ಬೇಯಿಸಲಿಟ್ಟಿದ್ದಳು. ಅಪ್ಪ, ನಾನು ಸಬ್‌ಜೈಲಿನ ಬಾಗಿಲಿಗೆ ಹೋದೆವು. ತಮ್ಮ ಚೀಲ ಹಿಡಿದು ಹೊರಗೆ ಬಂದ. ಹತ್ತು ಹೆಜ್ಜೆ ನಡೆದಿರಬೇಕು. ಒಬ್ಬ ಅಧಿಕಾರಿ ಬಂದು ಒಂದು ಹಾಳೆ ಅವನ ಕೈಗಿತ್ತು, ಸಹಿ ಹಾಕಿಸಿಕೊಂಡು, ಮತ್ತೆ ಜೀಪು ಹತ್ತಿಸಿದರು. ಹತ್ತುವ ಮುಂಚೆ ತಮ್ಮ ಆ ಹಾಳೆ ನನ್ನ ಕೈಯೊಳಗೆ ಇಟ್ಟ. ಮೊದಲು ಹೇಳಿದ ಹಾಳೆ ಅದೇ. ಮೀಸಾ.

ಮೀಸಾ ಅಂದರೆ ಆಂತರಿಕ ಭದ್ರತಾ ನಿರ್ವಹಣಾ ಕಾಯ್ದೆ, 1971. ಡಿ.ಐ.ಆರ್.ನಲ್ಲಿ ಕೋರ್ಟು, ಆರೋಪ, ಸಾಕ್ಷಿ ಏನಾದರೂ ಇರುತ್ತಿತ್ತು. ಮೀಸಾದಲ್ಲಿ ಅದೊಂದೂ ಇಲ್ಲ. ಮಾಡಿದ ತಪ್ಪಿಗೆ ಶಿಕ್ಷೆ ಅಲ್ಲ ಅದು, ಮಾಡಬಹುದಾದದ್ದಕ್ಕೆ ತಡೆ. ಕಾಯ್ದೆ ಬಂದಾಗ ಬಂಧನದ ಕಾರಣವನ್ನು ಐದು ದಿನದೊಳಗೆ, ತೀರಾ ತಡವಾದರೆ ಹದಿನೈದು ದಿನದೊಳಗೆ ತಿಳಿಸಬೇಕು, ಸಲಹಾ ಮಂಡಳಿಯ ಮುಂದೆ ಇಡಬೇಕು ಅಂತಿತ್ತು. 1975ರ ಜೂನ್ ಕೊನೆಯಲ್ಲಿ ಸುಗ್ರೀವಾಜ್ಞೆಯಿಂದ 16-ಎ ಅನ್ನುವ ಕಲಮು ಸೇರಿಸಿದರು. ತುರ್ತು ಪರಿಸ್ಥಿತಿಯನ್ನು ನಿಭಾಯಿಸಲು ಈ ಬಂಧನ ಅವಶ್ಯ ಅಂತ ಒಂದು ಪ್ರಕಟಣೆ ಬರೆದಿಟ್ಟರೆ ಕಾರಣ ಕೊಡಬೇಕಾಗಿಲ್ಲ, ಸಲಹಾ ಮಂಡಳಿಯೂ ಬೇಡ. ಆಮೇಲಿನ ತಿದ್ದುಪಡಿಯಲ್ಲಿ ಕಾರಣಗಳನ್ನು ಕೋರ್ಟಿಗೂ ತೋರಿಸುವಂತಿಲ್ಲ, ಅವು ರಾಜ್ಯದ ಗುಟ್ಟು ಅಂದರು. ತಮ್ಮನ ಆದೇಶಕ್ಕೆ ಆ ಪ್ರಕಟಣೆಯನ್ನೂ ಲಗತ್ತಿಸಿದ್ದರು. ಅದರ ಹಿಂಬದಿಗೂ ಬೆರಳು ಆಡಿಸಿದೆ. ಅದೂ ನುಣ್ಣಗೆ.

ಎಷ್ಟು ದಿನ? ಇದನ್ನು ಅವ್ವ ದಿನಾ ಕೇಳುತ್ತಿದ್ದಳು. 13ನೇ ಕಲಮು ಓದಿದ ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಹನ್ನೆರಡು ತಿಂಗಳು, ಇಲ್ಲವೇ 1971ರ ಭಾರತ ರಕ್ಷಣಾ ಕಾಯ್ದೆ ಮುಗಿಯುವ ತನಕ. ಎರಡರಲ್ಲಿ ಯಾವುದು ತಡವೋ ಅಲ್ಲಿಯ ತನಕ. ಆ ಕಾಯ್ದೆ ಮುಗಿಯುವುದು ಘೋಷಣೆ ರದ್ದಾಗಿ ಆರು ತಿಂಗಳಿಗೆ. ಯುದ್ಧ ಮುಗಿದರೂ ಮುಗಿಯದ ಘೋಷಣೆಗೆ ನನ್ನ ತಮ್ಮನ ಬಿಡುಗಡೆಯ ದಿನವನ್ನು ಕಟ್ಟಿಹಾಕಿದ್ದರು. ಅವ್ವನಿಗೆ ಇದನ್ನು ಹೆಂಗ ಹೇಳಲಿ? ‘ಯುಗಾದಿಗೆ ಬರ್ತಾನ’ ಅಂದೆ. ಸುಳ್ಳು ಹೇಳಿದೆ.

ಅವನನ್ನು ಎಲ್ಲಿಟ್ಟಿದ್ದಾರೆ ಅನ್ನುವುದು ಮೂರು ದಿನ ತಿಳಿಯಲಿಲ್ಲ. ಒಂದು ಕಚೇರಿ ಇನ್ನೊಂದರ ಹೆಸರು ಹೇಳಿತು, ಅದು ಮತ್ತೊಂದರದು. ನಾಲ್ಕನೇ ದಿನ ಒಬ್ಬ ಹಿರಿಯ ಪೇದೆ ನನ್ನನ್ನು ನೋಡದವರ ಹಾಗೆ ಗೋಡೆ ಕಡೆ ಮುಖ ಮಾಡಿಕೊಂಡು ದೂರದ ಒಂದು ಸೆಂಟ್ರಲ್ ಜೈಲಿನ ಹೆಸರು ಹೇಳಿ, ‘ಸ್ವೆಟರ್ ಕಳಸ್ರಿ ತಂಗಿ, ರಾತ್ರಿ ಥಂಡಿ ಭಾಳ ಅಲ್ಲೆ’ ಅಂದರು. ಅವರಿಗೂ ಮಕ್ಕಳಿದ್ದಿರಬೇಕು.

ಭೇಟಿಗೆ ಅರ್ಜಿ, ಬಟ್ಟೆ ಕೊಡಲು ಅರ್ಜಿ, ಪರೀಕ್ಷೆಯ ಪುಸ್ತಕ ಕಳಿಸಲು ಅರ್ಜಿ. ಎಲ್ಲವನ್ನೂ ನಾನು ಟೈಪ್ ಮಾಡಿಯೇ ಕೊಟ್ಟೆ, ಇಂಗ್ಲಿಷಿನಲ್ಲಿ, ಎರಡು ಕಾರ್ಬನ್ ಇಟ್ಟು ಮೂರು ಪ್ರತಿ. ಓದಿದ ಹುಡುಗಿ ಜೋರು ಮಾಡುತ್ತಾಳೆ ಅಂತ ಕೆಲವರು ಅಂದುಕೊಂಡಿರಬಹುದು. ನಿಜ ಕಾರಣ ಬೇರೆ. ನನ್ನ ಕನ್ನಡ ಕೈಬರಹ ಯಾವ ಸರ್ಕಾರಿ ಫೈಲಿನೊಳಗೂ ಹೋಗಬಾರದಿತ್ತು. ದುರ್ಗದ ಬೈಲಿನಲ್ಲಿ ಹಂಚಿದ ಕಾಗದ ಅವರ ಕೈಯಲ್ಲಿತ್ತು. ಪಕ್ಕದಲ್ಲಿ ನನ್ನ ಒಂದು ಅರ್ಜಿ ಇಟ್ಟು ನೋಡಿದ್ದರೆ ಮಗುವಿಗೂ ತಿಳಿಯುತ್ತಿತ್ತು. ಇನ್‌ಸ್ಟಿಟ್ಯೂಟಿನ ಹಾಜರಿ ಪುಸ್ತಕದಲ್ಲಿ ಕನ್ನಡ ಸಹಿ ಬಿಟ್ಟು ಇಂಗ್ಲಿಷ್ ಸಹಿ ಹಾಕತೊಡಗಿದೆ. ಅಂಗಡಿಯ ಉದ್ದರಿ ಚೀಟಿಯನ್ನು ಅಪ್ಪನ ಕೈಲಿ ಬರೆಸಿದೆ. ಹೆದರಿಕೆ ಅನ್ನುವುದು ಎಷ್ಟು ಸಣ್ಣ ಸಣ್ಣ ಜಾಗಕ್ಕೂ ಬಂದು ಕೂರುತ್ತದೆ ಅಂತ ಆ ವರ್ಷ ಕಂಡೆ.

ಮೊದಲ ಭೇಟಿ ಜನವರಿಯಲ್ಲಿ ಸಿಕ್ಕಿತು. ರಾತ್ರಿಯಿಡೀ ಬಸ್ಸು, ಬೆಳಗ್ಗೆ ಗೇಟಿನ ಮುಂದೆ ಮೂರು ತಾಸು, ಅರ್ಧ ತಾಸಿನ ಮಾತು. ಒಬ್ಬ ಅಧಿಕಾರಿ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ತಮ್ಮ ಸೊರಗಿದ್ದ, ಆದರೆ ಖುಷಿಯಲ್ಲಿದ್ದ. ಬ್ಯಾರಕ್ಕಿನಲ್ಲಿ ಆರೆಸ್ಸೆಸ್‌ನವರು, ಸಮಾಜವಾದಿಗಳು, ಜಮಾತೆ ಇಸ್ಲಾಮಿಯವರು ಎಲ್ಲ ಒಟ್ಟಿಗೆ ಇದ್ದಾರೆ, ಒಬ್ಬ ಮೇಷ್ಟ್ರು ತನಗೆ ಗಣಿತ ಹೇಳಿಕೊಡುತ್ತಾರೆ ಅಂದ. ಕೊನೆಗೆ ನನ್ನನ್ನೇ ದಿಟ್ಟಿಸಿ ನೋಡುತ್ತ ಹೇಳಿದ:

‘ಅಕ್ಕಾ, ನನ್ನ ಅಕ್ಷರ ಈಗ ದುಂಡಗ ಆಗ್ಯಾವ. ಠಾಣೆದಾಗ ಹತ್ತ ಸಲ ಬರಿಸಿದ್ರು. ಬರದ ಬರದ ಚೊಲೊ ಆಗ್ಯಾವ.’

ಪಕ್ಕದ ಅಧಿಕಾರಿಗೆ ಅದರಲ್ಲಿ ಏನೂ ಅನಿಸಲಿಲ್ಲ. ನನಗೆ ಕಾಲ ಕೆಳಗಿನ ನೆಲ ಸರಿದ ಹಾಗಾಯಿತು. ಕಾಗದ ಬರೆದವನು ತಾನೇ ಅಂತ ಹೇಳಿದ್ದಾನೆ. ಅವರು ಬರೆಸಿ ನೋಡಿದ್ದಾರೆ. ಅವನು ನನ್ನ ಅಕ್ಷರವನ್ನು ನೆನಪಿನಿಂದ ತೆಗೆದು ಹತ್ತು ಸಲ ಬರೆದಿದ್ದಾನೆ. ಬಸ್ಸಿನಲ್ಲಿ ವಾಪಸ್ ಬರುವಾಗ ಅಪ್ಪನಿಗೂ ಇದನ್ನು ಹೇಳಲಿಲ್ಲ.

ಫೆಬ್ರುವರಿಯಲ್ಲಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದೆವು, ಅಂದರೆ ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತಂದು ಬಂಧನ ಕಾನೂನಿನ ಪ್ರಕಾರ ಇದೆಯೇ ಅಂತ ತೋರಿಸಿ ಅನ್ನುವ ಅರ್ಜಿ. ಆಗ ಧಾರವಾಡದಲ್ಲಿ ಹೈಕೋರ್ಟ್ ಪೀಠ ಇರಲಿಲ್ಲ, ಅದು ಬಂದದ್ದು 2008ರಲ್ಲಿ. ಪ್ರತಿ ಸಲ ಬೆಂಗಳೂರಿಗೇ ಹೋಗಬೇಕು, ಸಣ್ಣ ಹಳಿಯ ರೈಲಿನಲ್ಲಿ ಒಂದು ರಾತ್ರಿ. ಅರ್ಜಿ ಟೈಪ್ ಮಾಡಿದವಳು ನಾನೇ. ವಕೀಲರು ಆದೇಶವನ್ನು ಅಕ್ಷರ ಅಕ್ಷರ ಓದಿಸುತ್ತಿದ್ದರು, ಒಂದಾದರೂ ತಪ್ಪು ಶಬ್ದ ಸಿಗುತ್ತದೇನೋ ಅಂತ.

‘1965ರಾಗ ಲೋಹಿಯಾ ಅವರನ್ನ ಬಿಹಾರದಾಗ ಡಿ.ಐ.ಆರ್. ಕೆಳಗ ಹಿಡದಿದ್ರು. ಆದೇಶದಾಗ ಸಾರ್ವಜನಿಕ ಸುವ್ಯವಸ್ಥೆ ಅಂತ ಇರಬೇಕಾದಲ್ಲೆ ಕಾನೂನು ಮತ್ತು ಸುವ್ಯವಸ್ಥೆ ಅಂತ ಬರದಿದ್ರು. ಎರಡೂ ಒಂದ ಅಲ್ಲ ಅಂತ ಸುಪ್ರೀಂ ಕೋರ್ಟ್ ಅವರನ್ನ ಬಿಡ್ತವಾ. ಹುಡುಕು, ನೀ ಟೈಪಿಸ್ಟ್ ಇದ್ದೀ, ನಿನ್ನ ಕಣ್ಣಿಗೆ ಬೀಳತೈತಿ.’

ಹುಡುಕಿದೆ. ಆ ಹೊತ್ತಿಗೆ ಅವರು ಕಲಿತುಬಿಟ್ಟಿದ್ದರು. ಸ್ಟೆನ್ಸಿಲ್‌ನಲ್ಲಿ ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ನಾನು ಹೇಳಿದ್ದು ಇಷ್ಟೇ: ‘ಸರ್, ಇದು ಸೈಕ್ಲೋಸ್ಟೈಲ್. ಹೆಸರು ಆಮೇಲೆ ಬೇರೆ ಮಶೀನಿನಾಗ ಹೊಡದಾರ. ಯಾರಿಗೂ ಇವನ ಬಗ್ಗೆ ಮನವರಿಕೆ ಆಗಿಲ್ಲ.’ ವಕೀಲರು ಹಾಳೆ ಮಗುಚಿ ತಾವೂ ಬೆರಳು ಆಡಿಸಿದರು. ಅದನ್ನು ಅರ್ಜಿಯಲ್ಲಿ ಒಂದು ಪ್ಯಾರಾ ಮಾಡಿ ಸೇರಿಸಿದರು. ನನ್ನ ಜೀವನದಲ್ಲಿ ನಾನು ಟೈಪ್ ಮಾಡಿದ ಲಕ್ಷಾಂತರ ಸಾಲುಗಳಲ್ಲಿ ನನ್ನದು ಅಂತ ಅನಿಸಿದ್ದು ಆ ನಾಲ್ಕು ಸಾಲು.

ಅವನ್ನು ಯಾರೂ ಓದಲಿಲ್ಲ. ಇಂಥ ಅರ್ಜಿಗಳನ್ನು ಕೇಳಬಹುದು ಅಂತ ಕರ್ನಾಟಕವೂ ಸೇರಿ ದೇಶದ ಒಂಬತ್ತು ಹೈಕೋರ್ಟುಗಳು ಹೇಳಿದ್ದವು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1976ರ ಏಪ್ರಿಲ್ 28ರಂದು ಜಬಲ್ಪುರದ ಪ್ರಕರಣದ ಹೆಸರಿನಲ್ಲಿ ತೀರ್ಪು ಬಂತು. ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ರಾಷ್ಟ್ರಪತಿಗಳ ಆದೇಶ ಜಾರಿಯಲ್ಲಿರುವಾಗ ಬಂಧನ ಅಕ್ರಮವಾಗಿದೆ ಅಂತ ಕೇಳಿಕೊಂಡು ಬರುವ ಅಧಿಕಾರ ಯಾರಿಗೂ ಇಲ್ಲ ಅಂದರು. ಎಚ್.ಆರ್. ಖನ್ನಾ ಒಬ್ಬರೇ ಬೇರೆ ಬರೆದರು. ಅದಕ್ಕೆ ಅವರು ಕೊಟ್ಟ ಬೆಲೆ ಎಲ್ಲರಿಗೂ ಗೊತ್ತು: ಮುಂದಿನ ಜನವರಿಯಲ್ಲಿ ಅವರನ್ನು ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು, ಅವರು ರಾಜೀನಾಮೆ ಕೊಟ್ಟು ಹೋದರು. ನಾನು ಸುದ್ದಿ ಕೇಳಿದ್ದು ರೇಡಿಯೋದಲ್ಲಿ. ಆ ಸಂಜೆ ಕ್ಲಾಸಿನಲ್ಲಿ ಹದಿನೈದು ಹುಡುಗಿಯರು ಟೈಪ್ ಮಾಡುತ್ತಿದ್ದರು. ಆ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲ.

ಜುಲೈನಲ್ಲಿ ಅಪ್ಪನಿಗೆ ಎದೆನೋವು ಬಂದು ಕೆ.ಎಂ.ಸಿ.ಗೆ ಸೇರಿಸಿದೆವು. ಪೆರೋಲ್‌ಗೆ ಅರ್ಜಿ ಕೊಟ್ಟೆ. ವೈದ್ಯರ ಚೀಟಿ, ಅವರ ಸಹಿ ನಿಜವೆಂದು ಇನ್ನೊಬ್ಬರ ಸಹಿ, ಠಾಣೆಯ ವರದಿ. ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಅಪ್ಪ ಮನೆಗೆ ಬಂದಿದ್ದರು, ದೇವರು ದೊಡ್ಡವನು. ತಮ್ಮನಿಗೆ ಹದಿನೈದು ದಿನ ಸಿಕ್ಕಿತು, ಮುಚ್ಚಳಿಕೆ ಬರೆದುಕೊಟ್ಟ ಮೇಲೆ. ಷರತ್ತುಗಳ ಹಾಳೆ ಓದಿದಾಗ ಜೈಲು ಮನೆಗೇ ಬಂದಿದೆ ಅನಿಸಿತು. ಹುಬ್ಬಳ್ಳಿ-ಧಾರವಾಡ ನಗರಪಾಲಿಕೆಯ ಗಡಿ ದಾಟಬಾರದು. ದಿನಾ ಬೆಳಗ್ಗೆ ಠಾಣೆಗೆ ಹೋಗಿ ಸಹಿ ಮಾಡಬೇಕು. ಸಭೆಗೆ ಹೋಗಬಾರದು, ರಾಜಕೀಯ ಮಾತಾಡಬಾರದು, ಪತ್ರಿಕೆಯವರನ್ನು ಕಾಣಬಾರದು.

ಮನೆಗೆ ಯಾರು ಬರಬಾರದು ಅಂತ ಹಾಳೆಯಲ್ಲಿ ಬರೆದಿರಲಿಲ್ಲ. ಅದನ್ನು ಓಣಿಯೇ ಬರೆದುಕೊಂಡಿತ್ತು. ಎದುರು ಮನೆಯವರು ಹಾಲಿನ ಪಾತ್ರೆ ಇಸಿದುಕೊಳ್ಳಲು ಬರುವುದನ್ನು ಬಿಟ್ಟರು. ಅವರು ಕೆಟ್ಟವರಲ್ಲ, ಅವರ ಮಗನಿಗೆ ಸರ್ಕಾರಿ ನೌಕರಿಯ ಸಂದರ್ಶನ ಇತ್ತು. ತಮ್ಮನ ಕ್ಲಾಸಿನ ಹುಡುಗರಲ್ಲಿ ಒಬ್ಬ ಮಾತ್ರ ಕತ್ತಲಾದ ಮೇಲೆ ಹಿತ್ತಲ ಬಾಗಿಲಿಂದ ಬಂದು ನೋಟ್ಸ್ ಕೊಟ್ಟು ಹೋದ. ಹೆರವರ ಮನೆಗೆ ಹೋಗಲಾರದೆ, ಬಯಲಾಟಕ್ಕೆ ಹೋಗಲಾರದೆ ತಮ್ಮ ಉಣಕಲ್ ಕೆರೆಯ ದಂಡೆಯ ತನಕ ನಡೆದು ಹೋಗಿ ವಾಪಸ್ ಬರುತ್ತಿದ್ದ. ಅವನ ಹಿಂದೆ ಸ್ವಲ್ಪ ದೂರದಲ್ಲಿ ಸೈಕಲ್ ತಳ್ಳಿಕೊಂಡು ಒಬ್ಬರು ಬರುತ್ತಿದ್ದರು.

ಅಜ್ಜನ ಹಳ್ಳಿಗೆ ಅವನು ಹೋಗುವ ಹಾಗಿರಲಿಲ್ಲ. ಹಾವೇರಿ ಆಗ ಧಾರವಾಡ ಜಿಲ್ಲೆಯೊಳಗೇ ಇದ್ದರೂ ಪಾಲಿಕೆಯ ಗಡಿಯ ಆಚೆ. ಅಜ್ಜನೇ ಬಂದರು. ಕಬ್ಬಿಣದ ಟ್ರಂಕಿನಲ್ಲಿ ಖಾದಿ ಅರಿವೆಯೊಳಗೆ ಸುತ್ತಿ ಇಟ್ಟಿದ್ದ ಒಂದು ಕಾಗದ ತಂದಿದ್ದರು. ಮಡಿಕೆ ಮಡಿಕೆಯಲ್ಲಿ ಹರಿದಿತ್ತು.

‘ಓದವಾ. ಏನೈತಿ ಇದರಾಗ ಅಂತ ನಾ ಯಾರಿಗೂ ಓದಾಕ ಕೊಟ್ಟಿಲ್ಲ.’

ಅಜ್ಜನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ತನ್ನನ್ನು ಯಾಕೆ ಹಿಡಿದರು ಅಂತ ಅವರಿಗೆ ಗೊತ್ತೇ ಇತ್ತು, ಆದ್ದರಿಂದ ಕಾಗದ ಏನನ್ನುತ್ತದೆ ಅನ್ನುವುದು ಅವರಿಗೆ ಬೇಕಾಗಿರಲಿಲ್ಲ. ಮುಂಬಯಿ ಸರ್ಕಾರದ ಆದೇಶ, ಭಾರತ ರಕ್ಷಣಾ ನಿಯಮಗಳ 26ನೇ ನಿಯಮ. ಓದುತ್ತ ಹೋದೆ. ನಾಲಿಗೆ ತಾನೇ ಮುಂದೆ ಹೋಗುತ್ತಿತ್ತು, ಮುಂದಿನ ಶಬ್ದ ನನಗೆ ಮೊದಲೇ ಗೊತ್ತಿದ್ದವು. ‘ಬಾಧಕವಾಗಿ ನಡೆದುಕೊಳ್ಳದಂತೆ ತಡೆಯಲು’. ‘ಅವಶ್ಯವೆಂದು’. ‘ಮನವರಿಕೆಯಾಗಿದೆ’. ಬ್ರಿಟಿಷ್ ಇಂಡಿಯಾದ ರಕ್ಷಣೆ ಅನ್ನುವ ಕಡೆ ಬ್ರಿಟಿಷ್ ಶಬ್ದ ತೆಗೆದರೆ ಉಳಿದದ್ದು ತಮ್ಮನ ಕಾಗದದ್ದೇ ಭಾಷೆ. ಎರಡನ್ನೂ ಅಪ್ಪನ ಹಾಸಿಗೆಯ ಮೇಲೆ ಪಕ್ಕ ಪಕ್ಕ ಇಟ್ಟೆ. ಅಜ್ಜನದನ್ನೂ ಮಗುಚಿದೆ. ನುಣ್ಣಗಿತ್ತು. ಹೆಸರಿನ ಜಾಗದಲ್ಲಿ ಮಾತ್ರ ಉಬ್ಬು.

ಬಹಳ ವರ್ಷ ಆದ ಮೇಲೆ ಓದಿ ತಿಳಿದದ್ದು: 1943ರ ಏಪ್ರಿಲ್‌ನಲ್ಲಿ, ಸುಪ್ರೀಂ ಕೋರ್ಟಿಗಿಂತ ಮೊದಲಿದ್ದ ಫೆಡರಲ್ ಕೋರ್ಟು ಮುಂಬಯಿಯ ಕೇಶವ ತಳಪದೆ ಅನ್ನುವವರ ಪ್ರಕರಣದಲ್ಲಿ ಆ 26ನೇ ನಿಯಮವೇ ಅಸಿಂಧು ಅಂದಿತ್ತು. ನಿಯಮ ಮಾಡುವವರು ಕಾಯ್ದೆ ಕೊಟ್ಟ ಅಧಿಕಾರದ ಗೆರೆ ದಾಟಿದ್ದಾರೆ ಅಂತ. ಕೆಲವೇ ದಿನಗಳಲ್ಲಿ ಬ್ರಿಟಿಷ್ ಸರ್ಕಾರ ಸುಗ್ರೀವಾಜ್ಞೆ ತಂದು, ಹಿಂದಿನಿಂದಲೂ ಅನ್ವಯಿಸುವ ಹಾಗೆ ಅದನ್ನು ಸಿಂಧು ಮಾಡಿಕೊಂಡಿತು. ಅಂದರೆ ಆ ಏಪ್ರಿಲ್‌ನ ಕೆಲವು ದಿನ ನನ್ನ ಅಜ್ಜ ಹಿಂಡಲಗಾದಲ್ಲಿ ಯಾವ ಕಾನೂನೂ ಇಲ್ಲದೆ ಕೂತಿದ್ದರು. ಅವರಿಗೆ ಅದನ್ನು ಹೇಳಲು ನನಗೆ ಸಾಧ್ಯವಾಗಲಿಲ್ಲ, ಅಷ್ಟರಲ್ಲಿ ಅವರು ಇರಲಿಲ್ಲ.

ಅವತ್ತು ಅಜ್ಜ ಎರಡೂ ಕಾಗದ ನೋಡಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮನ ಬೆನ್ನ ಮೇಲೆ ಕೈಯಿಟ್ಟು, ‘ಅವರು ಪರದೇಶದವರು ಇದ್ರಪಾ’ ಅಂದರು. ಮುಂದೆ ಮಾತಾಡಲಿಲ್ಲ.

ಹದಿನಾರನೇ ದಿನ ತಮ್ಮ ತಾನೇ ಟಿಕೀಟು ತೆಗೆಸಿ ಬಸ್ಸು ಹತ್ತಿ ಜೈಲಿಗೆ ವಾಪಸ್ ಹೋದ. ಬಿಡುಗಡೆಯಾದದ್ದು 1977ರ ಮಾರ್ಚ್ 22ಕ್ಕೆ, ತುರ್ತು ಪರಿಸ್ಥಿತಿ ತೆಗೆದ ಮರುದಿನ. 1971ರ ಯುದ್ಧದ ಘೋಷಣೆ ರದ್ದಾದದ್ದು ಅದಕ್ಕೂ ಐದು ದಿನ ತಡವಾಗಿ, ಮಾರ್ಚ್ 27ಕ್ಕೆ. ಹದಿಮೂರು ದಿನದ ಯುದ್ಧಕ್ಕೆ ಐದು ವರ್ಷ ಮೂರು ತಿಂಗಳು ಮೀರಿದ ಘೋಷಣೆ. ಮೀಸಾ ಕಾಯ್ದೆಯನ್ನೇ 1978ರಲ್ಲಿ ತೆಗೆದುಹಾಕಿದರು. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಶಾ ಆಯೋಗದ ಲೆಕ್ಕದಲ್ಲಿ ದೇಶದಲ್ಲಿ ಮೀಸಾ ಕೆಳಗೆ ಹಿಡಿದವರು 34,988 ಮಂದಿ, ಡಿ.ಐ.ಆರ್. ಕೆಳಗೆ 75,818. ತಮ್ಮ ಎರಡೂ ಪಟ್ಟಿಯಲ್ಲಿ ಇದ್ದಿರಬೇಕು.

ಸಂವಿಧಾನದ 1978ರ 44ನೇ ತಿದ್ದುಪಡಿಯಿಂದ ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಯನ್ನು ಇನ್ನು ಯಾವ ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ. ಜಬಲ್ಪುರದ ತೀರ್ಪನ್ನು ಸುಪ್ರೀಂ ಕೋರ್ಟೇ 2017ರ ಆಗಸ್ಟ್ 24ರಂದು ಅಳಿಸಿಹಾಕಿತು, ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹಾಕಿದ ಅರ್ಜಿಯಲ್ಲಿ. ಟಿವಿಯಲ್ಲಿ ಅದನ್ನು ನೋಡಿ ತಮ್ಮನಿಗೆ ಫೋನ್ ಮಾಡಿದೆ, ಇಬ್ಬರೂ ಅತ್ತೆವು. ಆದರೆ ಅದೇ 44ನೇ ತಿದ್ದುಪಡಿಯಲ್ಲಿ ಇನ್ನೊಂದು ಭಾಗ ಇದೆ. ಮುಂಜಾಗ್ರತೆಯ ಬಂಧನವನ್ನು ಸಲಹಾ ಮಂಡಳಿ ಒಪ್ಪದಿದ್ದರೆ ಎರಡು ತಿಂಗಳಿಗಿಂತ ಹೆಚ್ಚು ನಡೆಸುವಂತಿಲ್ಲ, ಆ ಮಂಡಳಿಯನ್ನು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಶಿಫಾರಸಿನಂತೆ ರಚಿಸಬೇಕು ಅನ್ನುವ ಭಾಗ. ಸಂಸತ್ತು ಒಪ್ಪಿದೆ, ರಾಷ್ಟ್ರಪತಿಗಳ ಅಂಕಿತ ಆಗಿದೆ, ಜಾರಿಯ ದಿನಾಂಕವನ್ನು ಮಾತ್ರ ಯಾವ ಸರ್ಕಾರವೂ ಪ್ರಕಟಿಸಿಲ್ಲ. ಜನತಾ ಸರ್ಕಾರವೂ ಇಲ್ಲ, ಆಮೇಲೆ ಬಂದವರೂ ಇಲ್ಲ. ಜೈಲಿನಲ್ಲಿ ನನ್ನ ತಮ್ಮನ ಬ್ಯಾರಕ್ಕಿನಲ್ಲಿದ್ದ ಹಲವರ ಕಡೆಯ ಪಕ್ಷಗಳು ಒಂದಲ್ಲ ಒಂದು ಸಲ ಅಧಿಕಾರಕ್ಕೆ ಬಂದಿವೆ. ನನಗೆ ಎಲ್ಲಕ್ಕಿಂತ ನೋವು ಕೊಡುವುದು ಇದು. ಅಲ್ಲಿಯೂ ಒಂದು ಖಾಲಿ ಜಾಗ ಬಿಟ್ಟಿದ್ದಾರೆ, ಒಂದು ತಾರೀಖಿಗೆ.

ತಮ್ಮ ಮನೆಗೆ ಬಂದರೂ ಡಿ.ಐ.ಆರ್. ಕೇಸು ಕೋರ್ಟಿನಲ್ಲಿ ಹಾಗೇ ಇತ್ತು. ದುರ್ಗದ ಬೈಲಿನ ಕಾಗದ, ಅದರ ಮೇಲೆ ಸಾಕ್ಷ್ಯದ ನಂಬರು, ಎಲ್ಲ. ಸರ್ಕಾರ ಇಂಥ ಕೇಸುಗಳನ್ನು ಹಿಂದಕ್ಕೆ ಪಡೆಯುತ್ತಿದ್ದ ಕಾಲ ಅದು. ನಮ್ಮದು ಯಾವಾಗ ಅಂತ ಕೇಳಲು ಮಳೆಗಾಲದ ಒಂದು ದಿನ ಇಬ್ಬರೂ ಕೋರ್ಟಿಗೆ ಹೋದೆವು. ಜಾಮೀನಿಗೆ ಇಟ್ಟಿದ್ದ ಮನೆಯ ಕಾಗದ ವಾಪಸ್ ಬೇಕಾಗಿತ್ತು, ಆ ಹಿರಿಯರು ಒಂದು ಸಲವೂ ಕೇಳಿರಲಿಲ್ಲ. ಕೇಸು ಮುಗಿದಿದೆ, ಕಾಗದಕ್ಕೆ ಅರ್ಜಿ ಕೊಡಿ ಅಂದರು. ಮಶೀನು ಹತ್ತಿರ ಇರಲಿಲ್ಲ. ತಮ್ಮ ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟು, ‘ನೀನ ಬರಿ ಅಕ್ಕಾ’ ಅಂದ.

ಕೋರ್ಟಿನ ಕಟ್ಟೆಯ ಮೇಲೆ ಕೂತು ಕನ್ನಡದಲ್ಲಿ ಬರೆದೆ. ಕೈ ನಡುಗುತ್ತಿತ್ತು, ಮೊದಲ ಹಾಳೆ ಕೆಟ್ಟಿತು, ಎರಡನೆಯದರಲ್ಲಿ ಬರೆದು ಮುಗಿಸಿ ಕನ್ನಡದಲ್ಲೇ ಸಹಿ ಹಾಕಿದೆ. ಒಳಗೆ ವಯಸ್ಸಾದ ಗುಮಾಸ್ತರು ಅರ್ಜಿಯನ್ನು ಹತ್ತಿರ ಹಿಡಿದು ಓದಿ, ದಾರ ಕಟ್ಟಿದ ಫೈಲು ಬಿಚ್ಚಿ ಅದರ ಮೇಲೇ ಇಟ್ಟರು, ಆ ಹಳೆಯ ಕಾಗದದ ಪಕ್ಕದಲ್ಲಿ. ಎರಡನ್ನೂ ಒಮ್ಮೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

‘ಅಕ್ಷರ ಭಾಳ ಚೊಲೊ ಅದಾವ ನೋಡವಾ’ ಅಂದು, ಫೈಲು ಕಟ್ಟಿಟ್ಟು, ಮನೆಯ ಕಾಗದ ಹುಡುಕಲು ಎದ್ದರು.